ಕಮ್ಮಿ ಇರಬಹುದಿತ್ತು

ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ರೈಂಟ್ ವೀರೆಂಗಾ ಮೊದಲ ದಿನ ಒಂದೇ ಕೆಲಸ ಕೊಡುತ್ತಿದ್ದ. ನಕ್ಷೆಯನ್ನು ಕೈಯಲ್ಲಿ ಹಿಡಿದು, ಯಾವುದಾದರೂ ಒಂದು ಕೊಳವೆಯನ್ನು ಅದು ಶುರುವಾಗುವಲ್ಲಿಂದ ಮುಗಿಯುವವರೆಗೆ ನಡೆದು ನೋಡಿಕೊಂಡು ಬರಬೇಕು. ಹೆಚ್ಚಿನವರು ಅರ್ಧ ಗಂಟೆಯಲ್ಲಿ ವಾಪಸು ಬಂದು, ನಕ್ಷೆಯಲ್ಲಿರುವ ಹಾಗೆಯೇ ಇದೆ ಎನ್ನುತ್ತಿದ್ದರು.

"ಮೂರನೇ ವಾಲ್ವ್ ತಿರುಗಿಸೋಕೆ ಜಾಗ ಇದೆಯಾ, ಕೈ ಗೋಡೆಗೆ ತಗಲುತ್ತಾ?"

ಅವರು ಮತ್ತೆ ನಕ್ಷೆ ಬಿಡಿಸುತ್ತಿದ್ದರು.

"ಹಾಗಾದ್ರೆ ನೀನು ನೋಡಿಲ್ಲ, ಬರೀ ವಾಕಿಂಗ್ ಮಾಡಿದ್ದೀಯ. ಇನ್ನೊಂದ್ಸಲ ಹೋಗು."

ದೇಶದ ಉತ್ತರ ತುದಿಯ ಡೆಲ್ಫ್‌ಜೈಲ್‌ನಲ್ಲಿ, ಕಾಲುವೆಯ ದಡದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಹಲಗೆಗಳನ್ನು ಅಂಟಿಸುವ ರಾಳ ತಯಾರಾಗುತ್ತದೆ. ರೈಂಟ್ ಅಲ್ಲಿ ಮೂವತ್ಮೂರು ವರ್ಷ ದುಡಿದಿದ್ದ, ಕೊನೆಯ ಹನ್ನೆರಡು ವರ್ಷ ಪಾಳಿಯ ಮುಖ್ಯಸ್ಥನಾಗಿ. ನಾನು ಪಕ್ಕದ ಪ್ರಯೋಗಾಲಯದಲ್ಲಿ ರಾಳದ ಮಾದರಿ ಪರೀಕ್ಷಿಸುವವನು. ಅವನು ಕಲಿಸಿದ್ದು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ. ತುರ್ತಿನಲ್ಲಿ ಮುಚ್ಚಬೇಕಾದ ವಾಲ್ವನ್ನು ಏಣಿ ಇಲ್ಲದೆ ಕೈಗೆ ಸಿಗುವ ಎತ್ತರದಲ್ಲಿ ಇಡು. ಕೊಳವೆಯ ಅತ್ಯಂತ ತಗ್ಗಿನ ಜಾಗದಲ್ಲಿ ಬಸಿಯಲು ದಾರಿ ಬಿಡು, ಇಲ್ಲದಿದ್ದರೆ ಚಳಿಗಾಲ ತಾನೇ ಒಡೆದು ದಾರಿ ಮಾಡಿಕೊಳ್ಳುತ್ತದೆ. ವಾರವಿಡೀ ಒಂದೇ ಅಂಕಿ ತೋರಿಸುವ ಮೀಟರನ್ನು ನಂಬಬೇಡ. ಬಿಸಿ ಕೊಳವೆಯನ್ನು ಅಂಗೈಯಿಂದ ಮುಟ್ಟಬೇಡ. ಹಿಂಗೈಯನ್ನು ನಿಧಾನವಾಗಿ ಹತ್ತಿರ ಒಯ್ಯಿ, ಶಾಖ ತಾಗಿದ ಕೂಡಲೇ ನಿಲ್ಲು.

ಇಷ್ಟೆಲ್ಲ ಹೇಳುತ್ತಿದ್ದವನು ಹೊಗಳಿಕೆಯಲ್ಲಿ ಮಾತ್ರ ಜಿಪುಣ. ಅದು ಅವನೊಬ್ಬನ ಸ್ವಭಾವವಲ್ಲ. ನಮ್ಮ ಗ್ರೋನಿಂಗೆನ್ ಸೀಮೆಯಲ್ಲಿ ಊಟ ಅದ್ಭುತವಾಗಿದ್ದರೂ, ಮಗು ಹುಟ್ಟಿದರೂ, ಹವೆ ಹಿತವಾಗಿದ್ದರೂ ನಾವು ಹೇಳುವುದು ಎರಡೇ ಪದ: 'ಕೊನ್ ಮಿಂಡರ್'. ಕಮ್ಮಿ ಇರಬಹುದಿತ್ತು. ಅಂದರೆ, ಇದಕ್ಕಿಂತ ಕಡೆಯಾಗಿರುವುದೂ ಸಾಧ್ಯವಿತ್ತು, ಹಾಗಾಗಿಲ್ಲ, ಚೆನ್ನಾಗಿದೆ. ಇದಕ್ಕಿಂತ ದೊಡ್ಡ ಮೆಚ್ಚುಗೆ ನಮ್ಮಲ್ಲಿ ಇಲ್ಲ.

ಫೆಬ್ರವರಿ ಹತ್ತರಂದು ರೈಂಟ್‌ನ ಹೆಂಡತಿ ಟ್ರೀನ ತೀರಿಕೊಂಡಳು. ಬೆಳಿಗ್ಗೆ ಅಂಗಳದ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದವಳು ಅಲ್ಲೇ ಕುಸಿದಳು. ಹದಿನಾಲ್ಕರಂದು ಮಣ್ಣಾಯಿತು. ಹದಿನೆಂಟರಂದು ರೈಂಟ್ ಎಂದಿನಂತೆ ಸೈಕಲ್ಲಿನಲ್ಲಿ ಕೆಲಸಕ್ಕೆ ಬಂದ.

"ಮೊಯ್, ರೈಂಟ್. ಹೇಗಿದ್ದೀಯೋ?" ಕಾಫಿ ಮೇಜಿನಲ್ಲಿ ಫಿಟ್ಟರ್ ಹಾರ್ಮ್ ಕೇಳಿದ.

"ಕಮ್ಮಿ ಇರಬಹುದಿತ್ತು."

ನಾವೆಲ್ಲ ತಲೆಯಾಡಿಸಿ ಕಾಫಿ ಕಲಕಿದೆವು. ಸಾಸಿವೆ ಸವರಿದ ಚೀಸ್ ರೊಟ್ಟಿಯ ಡಬ್ಬಿ ತರುತ್ತಿದ್ದ ರೈಂಟ್ ಈಗ ಬರೀ ರೊಟ್ಟಿ ತರುತ್ತಿದ್ದ. ಅದನ್ನು ಪೂರ್ತಿ ತಿನ್ನುತ್ತಿದ್ದ. ಕೆಲಸದಲ್ಲಿ ಲೋಪ ಕಾಣುತ್ತಿರಲಿಲ್ಲ. ಮಾರ್ಚ್ ಮೊದಲ ವಾರ ಮಾದರಿಯ ಬಾಟಲಿ ಕೊಡಲು ಬಂದಾಗ ಅವನ ಅಂಗೈಯಲ್ಲಿ ಕೋಳಿಮೊಟ್ಟೆಯಷ್ಟು ಅಗಲದ ಬೊಬ್ಬೆ ಕಂಡಿತು.

"ಏನೋ ಇದು?"

ಅವನು ಕೈ ತಿರುಗಿಸಿ ನೋಡಿಕೊಂಡ. "ಹಬೆ ಕೊಳವೆ ಇರಬೇಕು."

"ಅಂಗೈಯಲ್ಲಿ ಮುಟ್ಟಿದೆಯಾ? ನೀನು?"

"ಗೊತ್ತಾಗಲಿಲ್ಲ," ಎಂದ. ನಾನು ಮುಲಾಮು ಹಚ್ಚಿ ಬಟ್ಟೆ ಸುತ್ತಿದೆ. ಅವನು ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಿದ್ದ.

ಅದೇ ದಿನಗಳಲ್ಲಿ ಕೂಲರ್ ಬದಲಿಸುವ ಕೆಲಸ ನಡೆದಿತ್ತು. ರಾಳ ಬೇಯುವಾಗ ತಾನೇ ಶಾಖ ಹುಟ್ಟಿಸುತ್ತದೆ. ಆ ಶಾಖವನ್ನು ತೆಗೆಯದಿದ್ದರೆ ಶಾಖ ಬೇಯುವುದನ್ನು ಜೋರು ಮಾಡಿ, ಬೇಯುವುದು ಶಾಖವನ್ನು ಹೆಚ್ಚಿಸಿ, ಕಾಲು ಗಂಟೆಯಲ್ಲಿ ಕುದಿಯುವ ರಾಳ ಹಂಡೆಯಿಂದ ಹೊರಗೆ. ಶಾಖ ತೆಗೆಯುವುದು ಕೂಲರ್. ಅದು ನೂರೆಂಬತ್ತು ಸಣ್ಣ ಕೊಳವೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಉದ್ದನೆಯ ಉರುಳೆ. ಸಣ್ಣ ಕೊಳವೆಗಳಲ್ಲಿ ಕಾಲುವೆಯ ನೀರು ಹರಿಯುತ್ತದೆ. ಹಳೆಯ ಕೂಲರ್ ಸೋರತೊಡಗಿತ್ತು. ಹೊಸದರ ವಿನ್ಯಾಸ ಮಾಡಿದವಳು ಮಾರ್ಲೇನ್ ಪೇಟರ್ಸ್, ದಕ್ಷಿಣದ ಲಿಂಬುರ್ಗ್‌ನಿಂದ ಬಂದ ಎಂಜಿನಿಯರ್. ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷಾ ವರ್ಷ ಇನ್ನೂ ಮುಗಿಯದವಳು. ಲೆಕ್ಕದ ಹಾಳೆಗೆ ಯಂತ್ರ ನಡೆಸುವವರ ಪರವಾಗಿ ರೈಂಟ್ ಸಹಿ ಹಾಕಬೇಕು. ಫೆಬ್ರವರಿ ಇಪ್ಪತ್ತಾರಕ್ಕೆ ಹಾಕಿದ.

ಮೇ ತಿಂಗಳಲ್ಲಿ ಹೊಸ ಕೂಲರ್ ಲಾರಿಯಲ್ಲಿ ಬಂದು ಶೆಡ್ಡಿನಲ್ಲಿ ಇಳಿಯಿತು. ರೈಂಟ್ ಅದರ ಉದ್ದಕ್ಕೂ ನಡೆದ. ತಿರುಗಿ ಮತ್ತೆ ನಡೆದ. ಆಮೇಲೆ ಮಾರ್ಲೇನ್‌ಳನ್ನು ಕರೆಸಿದ. ನಾನೂ ಹಾರ್ಮ್‌ನೂ ಅಲ್ಲೇ ಇದ್ದೆವು.

"ಹುಡುಗಿ, ಹಳೇದು ಏಳು ಹೆಜ್ಜೆ. ಇದು ಐದು."

"ಹೌದು. ಕೊಳವೆಗಳ ಮೈ ಒಟ್ಟು ಅರವತ್ತು ಚದರ ಮೀಟರ್ ಇತ್ತು, ನಲವತ್ತೆರಡು ಮಾಡಿದೀನಿ. ಲೆಕ್ಕಕ್ಕೆ ಅಷ್ಟು ಸಾಕು."

"ಸ್ವಚ್ಛ ಇರೋ ಕೊಳವೆಗೆ ಸಾಕು. ಆಗಸ್ಟಲ್ಲಿ ಕಾಲುವೆ ನೀರು ಬೆಚ್ಚಗಾಗತ್ತೆ, ಪಾಚಿ ಕಟ್ಟತ್ತೆ. ಆ ಮಿಕ್ಕ ಹದಿನೆಂಟು ಆಗಸ್ಟಿಗೇ ಇದ್ದದ್ದು."

ಅವಳ ಮುಖ ಬಿಳಿಚಿತು. "ಅದನ್ನೇ ನೋಡ್ದೆ ರೈಂಟ್. ಹರಿವಿನ ಮೀಟರ್ ಸಿಕ್ಕಿಹಾಕಿಕೊಂಡು ಎಷ್ಟೋ ವರ್ಷ ಆಗಿದೆ, ಅಂಕಿಗಳೇ ಇರ್ಲಿಲ್ಲ. ಅದಕ್ಕೆ ಪಾಳಿ ಪುಸ್ತಕ ಓದ್ದೆ. ಮೂರು ವರ್ಷದ ಆಗಸ್ಟ್ ಪೂರ್ತಿ. 'ತಂಪು ನೀರು' ಅನ್ನೋ ಕಡೆ ಪ್ರತಿ ದಿನ ನೀವೇ ಬರೆದಿದ್ದೀರಿ."

"ಏನಂತ?"

"ಕಮ್ಮಿ ಇರಬಹುದಿತ್ತು ಅಂತ. ಸೆಕೆಗಾಲದಲ್ಲೂ ತಂಪು ಜಾಸ್ತಿಯಾಗಿದೆ, ಇಷ್ಟು ಬೇಡ ಅಂತಿದ್ದಾರೆ ಅಂದ್ಕೊಂಡೆ."

ಹಾರ್ಮ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ದೇವರೇ! ಪುಣ್ಯಕ್ಕೆ ಇವಳು ನನ್ನ ಹೆಂಡ್ತಿ ಅಡುಗೆ ಬಗ್ಗೆ ನನ್ನನ್ನ ಕೇಳ್ಲಿಲ್ಲ. ಇಷ್ಟೊತ್ತಿಗೆ ನಂಗೆ ಉಪವಾಸ!"

ಮಾರ್ಲೇನ್‌ಗೆ ನಮ್ಮ ಸೀಮೆಯ ಆ ಮಾತಿನ ಅರ್ಥ ನಾನು ಬಿಡಿಸಿ ಹೇಳಿದೆ. ರೈಂಟ್ ನಗಲಿಲ್ಲ, ರೇಗಲೂ ಇಲ್ಲ. ಕೂಲರಿನ ಕೊನೆಯ ಬೋಲ್ಟುಗಳನ್ನು ನೋಡುತ್ತಿದ್ದ.

"ಹಾಳೆ ಮೇಲೆ ನನ್ನ ಸಹಿ ಇದೆಯಲ್ಲ?"

"ಇದೆ. ಆದ್ರೆ ತಪ್ಪು ನಂದು. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಗುರುವಾರದ ಸಭೇಲಿ ಹಾಗೇ ಹೇಳ್ತೀನಿ."

ಹಾಗೆ ಹೇಳಿದರೆ ಪರೀಕ್ಷಾ ವರ್ಷದಲ್ಲೇ ಅವಳ ಕೆಲಸ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ನಿಯಮವೂ ಗೊತ್ತಿತ್ತು. ಓದದೆ ಸಹಿ ಹಾಕಿದವನಿಗೆ ಒಂದು ವರ್ಷ ಸಹಿಯ ಹಕ್ಕಿಲ್ಲ, ಸಹಿಯಿಲ್ಲದವನು ಪಾಳಿ ನಡೆಸುವಂತಿಲ್ಲ. ರೈಂಟ್‌ನ ನಿವೃತ್ತಿಗೆ ಉಳಿದಿದ್ದದ್ದು ಹದಿನಾಲ್ಕು ತಿಂಗಳು.

ಗುರುವಾರ ಬೆಳಿಗ್ಗೆ ಕಾರ್ಖಾನೆಯ ಮ್ಯಾನೇಜರ್ ಡಿರ್ಕ್ ಓಸ್ಟಿಂಗ್ ಹಾಳೆಗಳನ್ನು ಮೇಜಿನ ಮೇಲೆ ಹರಡಿದ. ಮಾರ್ಲೇನ್ ಬಾಯಿ ತೆರೆಯುವ ಮೊದಲೇ ರೈಂಟ್ ಹೇಳಿದ:

"ಡಿರ್ಕ್, ಆ ಸಹಿ ಹಾಕಿದ್ದು ನನ್ನ ಕೈ. ನಾನು ಓದಿಲ್ಲ."

"ಓದಿಲ್ಲ ಅಂದ್ರೆ? ಸರಿಯಾಗಿ ಓದಿಲ್ಲ ಅಂತಾನಾ?"

"ಒಂದಕ್ಷರಾನೂ ಓದಿಲ್ಲ. ಹಾಳೆ ಮುಂದೆ ಬಂತು, ಪೆನ್ನು ಇತ್ತು. ಆ ವಾರ ಏನೇನಕ್ಕೆ ಸಹಿ ಹಾಕಿದೀನೋ ನಂಗೆ ನೆನಪಿಲ್ಲ. ಬೇರೆ ಹಾಳೆಗಳನ್ನೂ ತೆಗೆದು ನೋಡಿ. ಇವಳು ಪುಸ್ತಕ ಓದಿದಾಳೆ, ಅದರಲ್ಲಿ ಬರೆದದ್ದನ್ನೇ ನಂಬಿದಾಳೆ. ಅಂಕಿ ಬರೀಬೇಕಾದ ಕಡೆ ಮಾತು ಬರೆದವನು ನಾನು. ಸಿಕ್ಕಿಹಾಕಿಕೊಂಡ ಮೀಟರ್ ರಿಪೇರಿ ಮಾಡಿಸದೆ ಬಿಟ್ಟವನೂ ನಾನೇ."

ಓಸ್ಟಿಂಗ್ ಕನ್ನಡಕ ತೆಗೆದು ಒರೆಸಿದ. "ರೈಂಟ್, ನಿಯಮ ಗೊತ್ತಲ್ಲ ಮಾರಾಯ."

"ಬರೆದವರಲ್ಲಿ ನಾನೂ ಒಬ್ಬ."

ಓಸ್ಟಿಂಗ್ ಕನ್ನಡಕವನ್ನು ಮತ್ತೆ ಹಾಕಿಕೊಂಡ. ಆಮೇಲೆ ಮಾರ್ಲೇನ್ ಸಣ್ಣ ದನಿಯಲ್ಲಿ ಹೇಳಿದಳು: "ಹಳೇ ಕೂಲರಲ್ಲಿ ಸೋರ್ತಾ ಇರೋದು ಹದಿನಾಲ್ಕು ಕೊಳವೆ. ಅವುಗಳ ಎರಡೂ ತುದಿ ಮುಚ್ಚಿದ್ರೆ ಈ ಬೇಸಿಗೆ ಅದು ನಡೆಯತ್ತೆ. ಹೊಸದನ್ನ ಪಕ್ಕದಲ್ಲಿ ಜೋಡಿಸೋಣ. ನೀರು ಎರಡರಲ್ಲೂ ಹರೀಲಿ."

ರೈಂಟ್ ಅವಳ ಕಡೆ ನೋಡಿದ. "ಇಬ್ಬದಿಗೂ ವಾಲ್ವ್ ಇಡು. ಆಗ ಒಂದನ್ನ ಮುಚ್ಚಿ ತೊಳೆಯುವಾಗ ಇನ್ನೊಂದು ನಡೀತಿರತ್ತೆ. ವಾಲ್ವ್ ಎದೆ ಮಟ್ಟಕ್ಕೆ ಬರ್ಲಿ."

ಮೂರು ವಾರ ಕೆಲಸ ನಿಂತಿತು. ಜೋಡಣೆ ಜೂನ್ ಕೊನೆಗೆ ಮುಗಿಯಿತು. ಮಾರ್ಲೇನ್ ಉಳಿದಳು. ಫೆಬ್ರವರಿಯ ಹಾಳೆಗಳನ್ನೆಲ್ಲ ತೆಗೆದು ನೋಡಿದಾಗ ರೈಂಟ್‌ನ ಒಂಬತ್ತು ಸಹಿಗಳು ಸಿಕ್ಕವು. ಬೇರೆ ಯಾವುದರಲ್ಲೂ ತಪ್ಪಿರಲಿಲ್ಲ. ಪಾಳಿಯನ್ನು ಬೇರೊಬ್ಬನಿಗೆ ಒಪ್ಪಿಸಿ ರೈಂಟ್ ಮೂವತ್ಮೂರು ವರ್ಷದ ಹಿಂದಿನ ಕೆಲಸಕ್ಕೆ ಮರಳಿದ: ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ದಿನಕ್ಕೆ ನಾಲ್ಕು ಸಲ ಕೊಳವೆಗಳ ಉದ್ದಕ್ಕೂ ನಡೆಯುವುದು. ಅವನಿಗೆ ಬೇಸರವಾಯಿತೇ ಎಂದು ಹೇಳಲಾರೆ. ಮುಖದಲ್ಲಿ ಏನೂ ಇರುತ್ತಿರಲಿಲ್ಲ.

ಆಗಸ್ಟ್ ಎರಡನೆಯ ವಾರ ಸೆಕೆ ಏರಿತು. ಮಧ್ಯಾಹ್ನ ಮಾದರಿ ತರಲು ಹೋದಾಗ ಇಬ್ಬರೂ ಕೂಲರುಗಳ ಬಳಿ ಇದ್ದರು. ಪಾಳಿ ಪುಸ್ತಕದ ಹಾಳೆಯನ್ನು ಮಾರ್ಲೇನ್ ಬದಲಿಸಿದ್ದಳು: ಬರುವ ನೀರಿನ ಶಾಖ, ಹೋಗುವ ನೀರಿನ ಶಾಖ, ಹರಿವು. ಎಲ್ಲ ಅಂಕಿಗಳೇ. ಮಾತಿಗೆ ಜಾಗವಿರಲಿಲ್ಲ.

"ಹೇಗಿದ್ದೀರಿ ರೈಂಟ್?" ಅವಳು ಕೇಳಿದಳು.

"ಕಮ್ಮಿ ಇರಬಹುದಿತ್ತು."

ಫೆಬ್ರವರಿಯಿಂದ ನಾವು ಈ ಉತ್ತರವನ್ನು ನೂರು ಸಲ ಕೇಳಿದ್ದೆವು, ಕೇಳಿ ತಲೆಯಾಡಿಸಿದ್ದೆವು. ಅವಳು ತಲೆಯಾಡಿಸಲಿಲ್ಲ. ಪೆನ್ನನ್ನು ಹಾಗೇ ಹಿಡಿದು ಕೇಳಿದಳು:

"ನಿಮ್ಮೂರಿನ ಅರ್ಥದಲ್ಲಾ, ನಾನು ತಪ್ಪು ತಿಳ್ಕೊಂಡ ಹಾಗೆ, ಇಷ್ಟು ಬೇಡ ಅನ್ನೋ ಅರ್ಥದಲ್ಲಾ?"

ಅವನು ಬಲಗೈಯನ್ನು ತಿರುಗಿಸಿ, ಹಿಂಗೈಯನ್ನು ನೀರು ಹೊರಹೋಗುವ ಕೊಳವೆಯ ಹತ್ತಿರ ನಿಧಾನವಾಗಿ ಒಯ್ದ. ಒಂದಂಗುಲ ದೂರದಲ್ಲಿ ನಿಲ್ಲಿಸಿದ. ಅಲ್ಲೇ ಹಿಡಿದಿದ್ದ.

"ನೀನು ತಿಳ್ಕೊಂಡದ್ದು," ಎಂದ.

ಅವಳು ಅಲ್ಲಿಂದ ಕದಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಬಗ್ಗಿ ಉಷ್ಣಮಾಪಕ ಓದಿದ.

"ನಲವತ್ತೊಂದು. ಬರ್ಕೋ."

ಅವಳು ಬರೆದುಕೊಂಡಳು.