ಸೂರಪ್ಪ ಬರೆಯದ ಸೊನ್ನೆ

ಮಡಕಶಿರದಿಂದ ಗುಡಿಬಂಡೆ ಕಡೆಗೆ ಆಟೋ ಹತ್ತಿ, ಡ್ರೈವರು "ಇನ್ನು ರಸ್ತೆ ಇಲ್ಲ" ಅಂದ ಮೇಲೂ ಒಂದು ಮೈಲಿ ನಡೆದರೆ ನಮ್ಮೂರು. ಅಲ್ಲಿ ಮಳೆ ಬಂದರೆ ಎತ್ತಿನ ಒಂದು ಕೊಂಬು ನೆನೆಯುತ್ತದೆ, ಇನ್ನೊಂದು ಒಣಗಿಯೇ ಇರುತ್ತದೆ. ಒಂದು ವರ್ಷ ಯರ್ರಪ್ಪನ ಮೀಸೆಯ ಎಡಗಡೆಗೆ ಮಾತ್ರ ಮಳೆ ಬಿದ್ದು, ಆ ಕಡೆಯದಷ್ಟೇ ಸೊಂಪಾಗಿ ಬೆಳೆದು, ಅವನು ಯುಗಾದಿಯವರೆಗೂ ಎಡಕ್ಕೆ ವಾಲಿಕೊಂಡೇ ನಡೆದ. ಇಂಥ ಮಳೆಯನ್ನು ಅಳೆದು ಬರೆದಿಟ್ಟವನು ನನ್ನ ಗೆಳೆಯ ಸೂರಪ್ಪ.

1983ರಲ್ಲಿ ಯಾವುದೋ ಸಂಶೋಧನೆ ಸ್ಕೀಮಿನವರು ಜೀಪಿನಲ್ಲಿ ಬಂದು, ಸೂರಪ್ಪನ ಕುರಿ ರೊಪ್ಪದ ಪಕ್ಕ ಒಂದು ಮಳೆ ಡಬ್ಬಿ ನೆಟ್ಟರು. ಮೇಲೆ ಆಲಿಕೆ, ಒಳಗೆ ಬಾಟಲಿ, ಅಳೆಯಲು ಗೀಟು ಹಾಕಿದ ಗಾಜಿನ ಗ್ಲಾಸು. ಊರಲ್ಲಿ ಏಳನೇ ಕ್ಲಾಸು ದಾಟಿದವರು ನಾವಿಬ್ಬರೇ. ನನ್ನ ಮುಖ ನೋಡಿ ಅವರಿಗೆ ನಂಬಿಕೆ ಬರಲಿಲ್ಲ, ಡಬ್ಬಿಯ ಬೀಗದ ಕೈ ಸೂರಪ್ಪನಿಗೆ ಹೋಯಿತು. ದಿನಾ ಬೆಳಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗ್ಲಾಸಿಗೆ ಬಗ್ಗಿಸಿ, ಯಾವ ಗೀಟಿಗೆ ನಿಂತಿತೋ ಅದನ್ನು ಪುಸ್ತಕದಲ್ಲಿ ಬರೆಯಬೇಕು. ಎರಡು ವರ್ಷಕ್ಕೆ ಸ್ಕೀಮು ಮುಚ್ಚಿತು, ಜೀಪು ತಿರುಗಿ ಬರಲಿಲ್ಲ. ಸೂರಪ್ಪ ಮಾತ್ರ ಬರೆಯುತ್ತಲೇ ಇದ್ದ.

"ಯಾರಿಗೋಸ್ಕರ ಬರೀತೀಯೋ?" ಅಂದರೆ, "ಒಂದಿನ ಕೇಳ್ಕಂಡು ಬತ್ತಾರೆ ಕಣಯ್ಯ. ಅವತ್ತು ನೀನು ನನ್ನ ಮನೆ ಬಾಗಿಲಾಗೆ ಬಾಯಿ ತಕ್ಕಂಡು ನಿಂತಿರ್ತೀಯ," ಅನ್ನುತ್ತಿದ್ದ. ಆ ಒಂದು ದಿನಕ್ಕಾಗಿ ಮನುಷ್ಯ ಜ್ವರ ಬಂದಾಗಲೂ ಕಂಬಳಿ ಹೊದ್ದು ಡಬ್ಬಿಯ ಹತ್ತಿರ ಹೋಗಿದ್ದಾನೆ.

ಆದರೆ ಅವನು ಸೊನ್ನೆ ಬರೆಯುತ್ತಿರಲಿಲ್ಲ. ನಮ್ಮ ಕಡೆ ಕಾಳು ತುಂಬಿಡುವ ವಾಡೆಯಲ್ಲಿ ರಾಗಿ ಮುಗಿದರೆ "ಇಲ್ಲ" ಅನ್ನುವುದಿಲ್ಲ, "ತುಂಬೈತೆ" ಅನ್ನುತ್ತೇವೆ. ಬಳೆ ಒಡೆದರೆ "ಹೆಚ್ಚಿದವು" ಅನ್ನುತ್ತೇವೆ. ಇಲ್ಲದ್ದನ್ನು ಇಲ್ಲ ಅಂದರೆ ಅದು ಅಲ್ಲೇ ಬೇರು ಬಿಡುತ್ತದೆಂಬ ಹೆದರಿಕೆ. ಹೀಗಿರುವಾಗ ಮಳೆಯ ಮುಂದೆ ಸೊನ್ನೆ ಬರೆಯುವುದುಂಟೆ? ಮಳೆ ಬಾರದ ದಿನದ ಜಾಗವನ್ನು ಸೂರಪ್ಪ ಹಾಗೇ ಖಾಲಿ ಬಿಡುತ್ತಿದ್ದ. ಅದೇ ಸರಿ ಎಂದು ನಾನೂ ತಲೆಯಾಡಿಸಿದ್ದೆ. ಊರೆಲ್ಲ ತಲೆಯಾಡಿಸಿತ್ತು.

1996ರಲ್ಲಿ ಅವನನ್ನು ರಾಯದುರ್ಗಕ್ಕೆ ಕರೆದುಕೊಂಡು ಹೋದವನು ನಾನೇ. ಅಲ್ಲಿ ಜೀನ್ಸ್ ಹೊಲಿಯುವ ಶೆಡ್ಡುಗಳು ಎದ್ದಿದ್ದವು, ಕೈಗಳು ಸಾಲುತ್ತಿರಲಿಲ್ಲ. ಒಂದು ವರ್ಷ ಅಂತ ಹೋದವರು ಹನ್ನೊಂದು ವರ್ಷ ಕೂತೆವು. ನಾವಿಬ್ಬರೂ ಹೊಲಿದ ಜೇಬುಗಳನ್ನು ಹಾಸಿದ್ದರೆ ಬಳ್ಳಾರಿಯ ತನಕ ಡಾಂಬರೇ ಬೇಕಿರಲಿಲ್ಲ. ಯುಗಾದಿಗೋ ದಸರೆಗೋ ಊರಿಗೆ ಬಂದಾಗ ಸೂರಪ್ಪ ನಾಲ್ಕು ದಿನದ ಮಳೆ ಬರೆಯುತ್ತಿದ್ದ. ಮಿಕ್ಕ ಪುಟಗಳೆಲ್ಲ ಖಾಲಿ. 2007ರಲ್ಲಿ ಕಣ್ಣು ಮಂಜಾಗಿ ಸೂಜಿಗೆ ದಾರ ಹೋಗದಂತಾದಾಗ ಇಬ್ಬರೂ ಊರಿಗೆ ಮರಳಿದೆವು. ಮಾರನೆಯ ಬೆಳಗ್ಗೆ ಎಂಟೂವರೆಗೆ ಅವನು ಡಬ್ಬಿಯ ಮುಂದೆ ನಿಂತಿದ್ದ.

ಆ ಒಂದು ದಿನ ಬಂದದ್ದು 2016ರ ಬೇಸಿಗೆಯಲ್ಲಿ. ಬಂದವಳು ರಾಧಿಕಾ ಎಂಬ ಹವಾಮಾನ ವಿಜ್ಞಾನಿ, ರಾಯದುರ್ಗದ ಹುಡುಗಿ. ಹಿಂದಿನ ಕಾಲದಲ್ಲಿ ಈ ಸೀಮೆಯ ಬಿಸಿಲು ಮಳೆ ಹೇಗೆ ಏರಿತು, ಹೇಗೆ ಇಳಿಯಿತು ಎಂಬುದನ್ನು ಹುಡುಕುತ್ತಿದ್ದಳು. ಅವಳ ಆಫೀಸಿನ ಹಳೇ ಮಳೆ ಪುಸ್ತಕಗಳಲ್ಲಿ ಅರ್ಧ ಗೆದ್ದಲ ಪಾಲಾಗಿದ್ದವು. ಮಡಕಶಿರದಲ್ಲಿ ಯಾರೋ ಸೂರಪ್ಪನ ಹೆಸರು ಹೇಳಿದ್ದರು.

"ಒಂದೂರಿನ ಮಳಿ ನಡತಿ ಹೇಳ್ಬೇಕಂದ್ರ ಮೂವತ್ತು ವರ್ಷದ ಲೆಕ್ಕನರ ಬೇಕ್ರಿ, ಅಜ್ಜಾರ," ಅಂದಳು.

"ಮೂವತ್ಮೂರು ಐತೆ, ತಗಳಮ್ಮ," ಅಂದ ಸೂರಪ್ಪ, ಟ್ರಂಕಿನಿಂದ ಪುಸ್ತಕಗಳನ್ನು ಎತ್ತಿ ಅವಳ ಮಡಿಲಿಗೇ ಇಟ್ಟ. ನಾನು ನಿಜಕ್ಕೂ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದೆ. ಅವನ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಗುಂಡಿ ಹಾರಿ ಆಚೆಯ ಹೇಮಾವತಿ ಊರಲ್ಲಿ ಬಿದ್ದಿರಬೇಕು.

ರಾಧಿಕಾ ಪುಟ ತಿರುವಿದಳು. "ಖಾಲಿ ಬಿಟ್ಟೀರಲ್ರಿ, ಇವೆಲ್ಲ ಮಳಿ ಬರದ ದಿನ ಅಂತ ಹಿಡೀಲೇನ್ರಿ?"

ಸೂರಪ್ಪ ನನ್ನ ಕಡೆ ನೋಡಿದ. ನಾನು ಅವನ ಕಾಲು ತುಳಿದೆ. ಹೂಂ ಅನ್ನು ಅಂತ.

"ಹೂಂ ಕಣಮ್ಮ," ಅಂದ.

ಅವಳು ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕೂತು ಕಂಪ್ಯೂಟರಿಗೆ ಅಂಕಿ ತುಂಬಿದಳು. ಸೂರಪ್ಪನ ಹೆಂಡತಿ ಸಣ್ಣಕ್ಕ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಉಂಡೆದ್ದು ಬಂದ ರಾಧಿಕಾ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಗೀಟು ಏರುತ್ತ ಇಳಿಯುತ್ತ ಬಂದು, 1996ಕ್ಕೆ ಬಾವಿಗೆ ಬಿದ್ದಂತೆ ಕೆಳಕ್ಕೆ ಹೋಗಿತ್ತು.

"ಹನ್ನೊಂದು ವರ್ಷ ಬರಗಾಲರಿ! ಸುತ್ತಮುತ್ತ ಎಲ್ಲೂ ಹಿಂಗಿಲ್ಲ. ಆವಾಗ ನೀವು ಹೆಂಗ ಬದುಕಿದ್ರಿ, ಅಜ್ಜಾರ? ಕುರಿ ಹೆಂಗ ಉಳದ್ವು?" ಅವಳ ಕಣ್ಣಲ್ಲಿ ನೀರೇ ಬಂದಿತ್ತು.

ಇಂಥ ಹೊತ್ತಿಗೆ ನನಗೆ ನೂರು ಸುಳ್ಳು ಹೊಳೆಯುತ್ತವೆ. ಕುರಿಗಳು ಕಲ್ಲು ತಿಂದು ಉಣ್ಣೆ ಬಿಟ್ಟವು ಅನ್ನಲು ಬಾಯಿ ತೆರೆದೂ ಇದ್ದೆ. ಸೂರಪ್ಪ ನನ್ನ ತೋಳು ಹಿಡಿದು ಸುಮ್ಮನಾಗಿಸಿದ.

"ಆ ಬರ ನಾನೇ ಕಣಮ್ಮ," ಅಂದ. "ಮಳೆ ಬಂದೈತೆ. ನಾನು ಇರ್ಲಿಲ್ಲ. ನಿಮ್ಮೂರಾಗೇ ಪ್ಯಾಂಟು ಹೊಲೀತಾ ಕುಂತಿದ್ದೆ. ಬೆಳಗ್ಗೆ ಸುಳ್ಳು ಹೇಳ್ದೆ."

"ಹಂಗಾರ ಯಾವ ದಿನ ಇಲ್ಲಿದ್ರಿ, ಯಾವ ದಿನ ಅಲ್ಲಿದ್ರಿ, ನೆನಪೈತೇನ್ರಿ?"

"ಇಲ್ಲ," ಅಂದ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ರಾಧಿಕಾ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಊರಲ್ಲಿದ್ದ ದಿನ ಒಂದು ಸೊನ್ನೆ ಹಾಕಿದ್ದರೆ, ಊರಲ್ಲಿಲ್ಲದ ದಿನ ಯಾವುದೆಂದು ಖಾಲಿ ಜಾಗವೇ ಹೇಳುತ್ತಿತ್ತು ಅಂತ ವಿವರಿಸಿದಳು. ಹಾಗಿದ್ದರೂ ಹನ್ನೊಂದು ವರ್ಷದ ತೂತು ತೂತೇ. ಮೊದಲಿನ ಹದಿಮೂರು ವರ್ಷ ಒಂದು ಚೂರು, ಆಮೇಲಿನ ಒಂಬತ್ತು ಇನ್ನೊಂದು ಚೂರು. ಎರಡನ್ನೂ ಹೊಲಿದು ಸೇರಿಸಲು ಬರುವುದಿಲ್ಲ. ಬಾಟಲಿಯ ಗತಿ ಏನಾಗಿತ್ತೋ ಎಂದು ಕೊನೆಗೆ ಸಣ್ಣಕ್ಕನ ಕಡೆ ತಿರುಗಿದಳು.

"ಅಷ್ಟು ವರ್ಷ ಬಾಟ್ಲಿ ತುಂಬಿ ಹರೀತೇನ್ರಿ, ಅಮ್ಮಾರ?"

"ಎಲ್ಲಿ ಹರಿಯಾಕ್ ಬಿಟ್ಟೆ?" ಅಂದಳು ಸಣ್ಣಕ್ಕ. "ತುಂಬಾಕೆ ಬಿಡಬೇಡ ಅಂತ ಇವ್ರು ಹೇಳಿ ಹೋಗಿದ್ರು. ಶಾಲೆ ಗಂಟೆಗೂ ಮುಂಚೆ ದಿನಾ ಹೋಗ್ತಿದ್ದೆ. ಗ್ಲಾಸಿಗೆ ಬಗ್ಗಿಸ್ತಿದ್ದೆ, ಕುರಿಮರಿಗೆ ಹುಯ್ತಿದ್ದೆ."

ರಾಧಿಕಾಳ ಕೈ ನಿಂತಿತು. "ಗ್ಲಾಸಿಗೆ ಯಾಕ ಬಗ್ಗಸ್ತಿದ್ರಿ?"

"ಇವ್ರು ಹಂಗೇ ಮಾಡ್ತಿದ್ರಲ್ಲ ತಾಯಿ. ಎಲ್ಲಿಗೆ ನಿಂತೈತೆ ಅಂತ ನೋಡ್ತಿದ್ದೆ. ಆ ಗೀಟು ಎಷ್ಟು ಅಂತ ಯಾರ್ ಹೇಳ್ಕೊಟ್ಟಿದ್ರು ನಂಗೆ?"

ಹನ್ನೊಂದು ವರ್ಷ, ಒಂದು ದಿನ ತಪ್ಪದೆ, ನಮ್ಮೂರ ಮಳೆಯನ್ನೆಲ್ಲ ಒಬ್ಬಳು ಹೆಂಗಸು ಕಣ್ಣಾರೆ ಅಳೆದು ಕುರಿಮರಿಗೆ ಕುಡಿಸಿದ್ದಳು.

ರಾಧಿಕಾ ಪುಸ್ತಕಗಳ ಫೋಟೋ ತೆಗೆದುಕೊಂಡಳು. ಬೇರೆ ಊರಿನ ಲೆಕ್ಕ ತಾಳೆ ನೋಡಲು ಬೇಕಾದೀತು ಅಂದಳು. ಮರ್ಯಾದೆಯ ಮಾತು, ನಮಗೆ ಅರ್ಥವಾಯಿತು. ಮಡಕಶಿರದ ಕೊನೇ ಬಸ್ಸು ಹಿಡಿಯಲು ಹೊರಟಳು.

ಅವಳು ಹೋದ ಮೇಲೆ ಸೂರಪ್ಪ ಗ್ಲಾಸನ್ನು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕೂತಿದ್ದ. ಸಣ್ಣಕ್ಕ ಎರಡು ಚೊಂಬು ನೀರು ತಂದು ಅವನ ಮುಂದಿಟ್ಟಳು.

"ಹೇಳ್ಕೊಡಿ ನೋಡೋಣ," ಅಂದಳು.

ಅವನು ನೀರು ಬಗ್ಗಿಸಿ ತೋರಿಸಿದ. ಸಣ್ಣ ಗೀಟು ಇಷ್ಟು, ದೊಡ್ಡ ಗೀಟು ಇಷ್ಟು, ನೀರು ಅಂಚಿನಲ್ಲಿ ಮೇಲಕ್ಕೆ ಏರಿದಂತೆ ಕಂಡರೂ ನಡುವಿನ ತಗ್ಗನ್ನೇ ನೋಡಬೇಕು. ಅವಳೇ ಬಗ್ಗಿಸಿ ಮೂರು ಸಲ ಹೇಳಿದಳು. ಮೊದಲನೆಯದು ತಪ್ಪಿತು, ಆಮೇಲಿನ ಎರಡೂ ಸರಿಯಾದವು. ಒಲೆಯ ಮೇಲಿಟ್ಟ ಟೀ ಇನ್ನೂ ಉಕ್ಕಿರಲಿಲ್ಲ.

ಸಣ್ಣಕ್ಕ ಗ್ಲಾಸನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

"ಕಲಿಯಾಕೆ ಇಷ್ಟೇನಾ?" ಅಂದಳು.

ಬೈದಿದ್ದರೆ ಚೆನ್ನಾಗಿತ್ತು. ಸೂರಪ್ಪ ತಲೆ ಎತ್ತಲಿಲ್ಲ. ಒಳಗೆ ಟೀ ಉಕ್ಕಿ ಒಲೆಗೆ ಚೆಲ್ಲಿದ ಸದ್ದು ಕೇಳಿತು, ಏಳಬೇಕೆಂದು ಗಂಡ ಹೆಂಡತಿ ಇಬ್ಬರಿಗೂ ಅನ್ನಿಸಲಿಲ್ಲ.