ಮುಟ್ಟಿ ನೋಡದೆ ನಂಬದವಳು

ಪ್ರೇಮಲೀಲಾ ಒಳ್ಳೆಯ ಹೆಂಗಸಲ್ಲ. ಕೆಟ್ಟವಳೂ ಅಲ್ಲ ಎಂದು ಸೇರಿಸಿ ಮಾತನ್ನು ಮೆತ್ತಗೆ ಮಾಡುವವರು ಚಾಮರಾಜಪುರಂನಲ್ಲಿ ಇದ್ದಾರೆ. ಅವರು ಯಾರೂ ಅವಳ ಜೊತೆ ಒಂದೇ ಸೂರಿನಡಿ ಬಾಳಿದವರಲ್ಲ. ತಾನು ಮುಟ್ಟಿ ನೋಡದ ಯಾವುದನ್ನೂ ಅವಳು ನಂಬುವುದಿಲ್ಲ. ಮುಟ್ಟಿ ನೋಡಿದ ಮೇಲೆ ಕಂಡದ್ದನ್ನು ಕಂಡ ಹಾಗೆಯೇ ಎದುರಿನವರ ಮುಖಕ್ಕೆ ಹೇಳುತ್ತಾಳೆ, ಆ ಮುಖ ಸಣ್ಣದಾಗುವುದನ್ನು ನಿಂತು ನೋಡುತ್ತಾಳೆ. ಹುಟ್ಟಿದಾಗಿನಿಂದ ಸುಳ್ಳು ಹೇಳಿಲ್ಲ ಎಂಬುದು ಅವಳ ಹೆಮ್ಮೆ. ಸುಳ್ಳು ಹೇಳದಿರುವುದು ಸದ್ಗುಣವೇ ಸರಿ. ಆದರೆ ಅದನ್ನು ದೊಣ್ಣೆಯ ಹಾಗೆ ಹಿಡಿದುಕೊಂಡು ಮನೆಯೊಳಗೆ ಓಡಾಡುವವರಿಂದ ಯಾರಿಗೂ ಸುಖವಿಲ್ಲ.

ನಂಜನಗೂಡಿನ ದಿನಸಿ ವ್ಯಾಪಾರದ ಮನೆಯ ಮಗಳು. ಮದುವೆಯ ಮಾತುಕತೆಯ ದಿನ ಗಂಡಿನ ಕಡೆಯವರು ತಂದ ಸೀರೆಯ ಜರಿಯನ್ನು ಉಗುರಿನಿಂದ ಕೆರೆದು, "ಇದು ಅಪ್ಪಟ ಅಲ್ಲ" ಎಂದಿದ್ದಳಂತೆ. ಆ ಮಾತಿಗೇ ತಾವು ಅವಳನ್ನು ಒಪ್ಪಿದ್ದೆಂದು ಅವಳ ಗಂಡ ವೃಷಭೇಂದ್ರಪ್ಪ ಈಗಲೂ ಹೇಳುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಎದುರಿಗೆ ನಿಜ ಹೇಳುವವರು ಅವರಿಗೆ ಅಲ್ಲಿ ಸಿಕ್ಕಿರಲಿಲ್ಲ. ಪ್ರೇಮಲೀಲಾ ಕೂಡ ಮನೆಯಲ್ಲಿ ಕೂರಲಿಲ್ಲ. ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಸರಕು ಪರೀಕ್ಷಿಸುವ ಕೆಲಸಕ್ಕೆ ಸೇರಿ, ನಿವೃತ್ತಿಯವರೆಗೂ ಅದನ್ನೇ ಮಾಡಿದಳು. ಪ್ರತಿ ಕಟ್ಟಿನಿಂದ ಒಂದು ಕಡ್ಡಿ ಎಳೆಯುವುದು, ಮುರಿಯುವುದು, ಇನ್ನೊಂದನ್ನು ಹಚ್ಚಿ ಮೂಸುವುದು, ಒಪ್ಪಿಗೆಯಾಗದಿದ್ದರೆ ಹೊಸೆದವಳ ಮುಂದಕ್ಕೆ ಕಟ್ಟನ್ನು ವಾಪಸ್ ತಳ್ಳುವುದು. ಮುದ್ದಮ್ಮ ಎಂಬ ಕೆಲಸದವಳು ಒಮ್ಮೆ ಎಲ್ಲರಿಗೂ ಕೇಳುವ ಹಾಗೆ, "ಅಮ್ಮಾವ್ರು ನೋಡಿ ನೋಡೀನೇ ಅರ್ಧ ಬತ್ತಿ ಸುಟ್ಬುಡ್ತಾರೆ ಕಣ್ರವ್ವಾ, ದೇವ್ರಿಗೆ ಏನು ಉಳೀತದೆ?" ಎಂದಿದ್ದಳು. ಎಲ್ಲರೂ ನಕ್ಕರು. ಪ್ರೇಮಲೀಲಾ ನಗಲಿಲ್ಲ, ಮುದ್ದಮ್ಮನ ಕಟ್ಟಿನಿಂದ ಮತ್ತೊಂದು ಕಡ್ಡಿ ಎಳೆದಳು.

ಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆ ಇತ್ತು. ಇಟ್ಟಿಗೆ, ಮಣ್ಣಿನ ಒಲೆಯೊಳಗೆ ಅದನ್ನು ಕೂರಿಸಿದ್ದರು. ಬೆಳಗಿನ ಜಾವ ತೆಂಗಿನ ಮಟ್ಟೆ, ಗರಿ, ಚಿಪ್ಪು ತುರುಕಿ ಉರಿ ಹಚ್ಚಿದರೆ ಲಿಂಗಪೂಜೆಯ ಹೊತ್ತಿಗೆ ನೀರು ಕುದಿಯುತ್ತಿತ್ತು. ಹೊಗೆ ಬಚ್ಚಲಿನಿಂದ ಹೊರಟು ಅಡುಗೆಮನೆ ಹಾದು ಮಲಗುವ ಕೋಣೆಗೂ ಬರುತ್ತಿತ್ತು. ಅದರ ಬಗ್ಗೆ ಯಾರೂ ಯೋಚಿಸಿರಲಿಲ್ಲ, ಮೊಮ್ಮಗಳು ಅನುವಿಗೆ ಉಬ್ಬಸ ಶುರುವಾಗುವವರೆಗೆ.

ಅನು ಎರಡನೇ ತರಗತಿಯ ಹುಡುಗಿ. ಅವಳ ತಂದೆ ಮೃತ್ಯುಂಜಯ ರೈಲ್ವೆಯಲ್ಲಿ ಗಾರ್ಡ್. ಮನೆಗಿಂತ ರೈಲಿನಲ್ಲೇ ಹೆಚ್ಚು ಇರುವವನು. ಹಾಗಾಗಿ ಮಗುವಿಗೆ ನೆಬ್ಯುಲೈಸರ್ ಹಿಡಿದು ಕೂರುವುದು, ಆಸ್ಪತ್ರೆಗೆ ಓಡುವುದು ಎಲ್ಲ ತಾಯಿ ನಿಶ್ಚಿತಾಳ ಪಾಲಿಗೆ. ವೈದ್ಯರು ಹೊಗೆ ಕೂಡದು ಎಂದರು. ವೃಷಭೇಂದ್ರಪ್ಪ, "ನಾವೆಲ್ಲ ಹೊಗೆ ಕುಡಿದೇ ಬೆಳೆದ್ವಿ" ಎಂದರು. ನಿಶ್ಚಿತಾ ಮಗುವನ್ನು ಕರೆದುಕೊಂಡು ವಿಜಯನಗರದ ತವರಿಗೆ ಹೋದಳು. ಬಚ್ಚಲಲ್ಲಿ ಒಲೆ ಇರುವವರೆಗೆ ತಾನು ಈ ಮನೆಗೆ ಬರುವುದಿಲ್ಲ, ಮಗುವಂತೂ ಬರುವುದೇ ಇಲ್ಲ ಎಂದು ಫೋನಿನಲ್ಲಿ ಹೇಳಿದಳು.

ಪ್ರೇಮಲೀಲಾ ಇದನ್ನೂ ನಂಬಲಿಲ್ಲ. ವಿಜಯನಗರದ ಬಸ್ಸು ಹತ್ತಿ ಹೋದಳು. ನಿದ್ದೆ ಮಾಡುತ್ತಿದ್ದ ಮಗುವಿನ ಎದೆಯ ಮೇಲೆ ಅಂಗೈ ಇಟ್ಟಳು. ಒಳಗೆ ಸೀಳಿದ ಕೊಳಲಿನ ಹಾಗೆ ಏನೋ ಕುಯ್ಯ್ ಎನ್ನುತ್ತಿತ್ತು. ಕೈ ತೆಗೆದು, ಬೀಗತಿ ಕೊಟ್ಟ ಕಾಫಿ ಚೆನ್ನಾಗಿಲ್ಲ ಎಂದು ಹೇಳಿ, ಮನೆಗೆ ಬಂದು ಗಂಡನಿಗೆ, "ಒಲೆ ಕೆಡವ್ಸಿ" ಎಂದಳು.

ಒಲೆ ಹೋಯಿತು. ಹಳೆಯ ಮನೆಯ ವೈರಿಂಗ್ ಗೀಸರನ್ನು ಹೊರುವುದಿಲ್ಲ ಎಂದು ಎಲೆಕ್ಟ್ರಿಷಿಯನ್ ತಲೆ ಅಲ್ಲಾಡಿಸಿದ್ದರಿಂದ ತಾರಸಿಯ ಮೇಲೆ ಸೋಲಾರ್ ಬಂತು. ಅನು ಬಂದಳು, ನಿಶ್ಚಿತಾ ಬಂದಳು. ಬೇಸಿಗೆಯ ಕೊನೆಯ ವಾರಗಳಲ್ಲಿ ನೀರು ಕೈ ಸುಡುವಷ್ಟು ಬಿಸಿಯಾಗಿ ಬಂತು. ವೃಷಭೇಂದ್ರಪ್ಪ ಮಾತ್ರ, ಹಂಡೆಯ ನೀರಿಗೆ ಇರುವ ಗುಣ ಇದಕ್ಕಿಲ್ಲ ಎಂದು ಮುನಿದು, ಹಂಡೆ ವಾಪಸ್ ಬರುವವರೆಗೆ ತಮಗೆ ತಣ್ಣೀರೇ ಸಾಕು ಎಂದು ಸಾರಿದರು. ಆಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆ ದಿನವೂ ನಡುಗಿದರು.

ಆಷಾಢ ಬಂತು. ಊರಾಚೆಯ ಬೆಟ್ಟ ಮೋಡದೊಳಗೆ ಹೋಯಿತು. ಪ್ರೇಮಲೀಲಾಳ ಕಾಲು ನಿಲ್ಲದಾಯಿತು.

ಹಂಡೆಯಾದರೆ ಬೆರಳು ಅದ್ದಿದರೆ ತಿಳಿಯುತ್ತಿತ್ತು. ತಾರಸಿಯ ಮೇಲಿನ ಮುಚ್ಚಿದ ಟ್ಯಾಂಕಿನೊಳಗೆ ಏನು ನಡೆಯುತ್ತಿದೆ ಎಂದು ಯಾರಿಗೆ ಗೊತ್ತು? ನಾಳೆ ನೀರು ಬಿಸಿ ಇಲ್ಲದಿದ್ದರೆ ಗಂಡ ಒಲೆಯ ಮಾತು ತೆಗೆಯುತ್ತಾರೆ. ಒಲೆ ಬಂದರೆ ಮಗು ಹೋಗುತ್ತದೆ. ಅವಳು ಮಧ್ಯಾಹ್ನ ಊಟ ಮುಗಿಸಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಬಚ್ಚಲು ಮನೆಯ ಹಿಂಭಾಗದಲ್ಲಿತ್ತು, ಪೈಪು ಉದ್ದ. ಬಕೆಟ್ಟುಗಟ್ಟಲೆ ತಣ್ಣೀರು ಹೋದ ಮೇಲೆಯೇ ಬಿಸಿ ಬರುತ್ತಿತ್ತು. ಬಂತು. ಕೈಯೊಡ್ಡಿದಳು, ಸಮಾಧಾನವಾಯಿತು. ಕಾಫಿಯ ಹೊತ್ತಿಗೆ ಆ ಸಮಾಧಾನ ಕರಗಿತು; ಮತ್ತೆ ಹೋದಳು. ದೀಪ ಹಚ್ಚಿ ಮತ್ತೆ ಹೋದಳು. ಸೋನೆ ಹನಿಯುವಾಗ ಛತ್ರಿ ಹಿಡಿದು ತಾರಸಿ ಹತ್ತಿ ಟ್ಯಾಂಕಿನ ಮೈ ಸವರಿದಳು. ಅದು ಹೊರಗಿನಿಂದ ತಣ್ಣಗಿತ್ತು. ಗಾಬರಿಯಾಗಿ ಇಳಿದು ಬಂದು ನಲ್ಲಿ ತಿರುಗಿಸಿದಳು.

ಬೆಳಿಗ್ಗೆ ನೀರು ಉಗುರು ಬೆಚ್ಚಗೂ ಇರುತ್ತಿರಲಿಲ್ಲ.

ಅನುವಿಗೆ ಗ್ಯಾಸಿನ ಮೇಲೆ ನೀರು ಕಾಯಿಸುತ್ತ ನಿಶ್ಚಿತಾ ಒಂದು ದಿನ ಕೇಳಿಯೇ ಬಿಟ್ಟಳು. "ಅತ್ತೆ, ನಮ್ಮಮ್ಮನ ಮನೇಲೂ ಇದೇ ಸೋಲಾರ್. ಮೋಡ ಅಲ್ಲೂ ಇದೆ. ಬೆಳಿಗ್ಗೆ ಮೂವರ ಸ್ನಾನಕ್ಕೆ ಬಿಸಿನೀರು ಬರುತ್ತೆ."

"ವಿಜಯನಗರಕ್ಕೆ ಬೇರೆ ಸೂರ್ಯ ಇಟ್ಟಿದಾರೇನೆ?"

"ಸೂರ್ಯ ಒಂದೇ ಅತ್ತೆ. ಮನೆಯವರು ಬೇರೆ."

ಪ್ರೇಮಲೀಲಾ ಆಗಲೇ ನಲ್ಲಿಯ ಕಡೆ ಹೊರಟಿದ್ದಳು.

ವೃಷಭೇಂದ್ರಪ್ಪನವರಿಗೆ ಇದು ಗೆಲುವಿನ ಕಾಲ. ಗಾರೆ ಕೆಲಸದ ಜವರಯ್ಯನಿಗೆ ಹೇಳಿ ಕಳಿಸಿದರು. ಅವನು ಬಂದು ಹಿತ್ತಲಲ್ಲಿ ಇಟ್ಟಿಗೆ ಇಳಿಸಿ, "ನಾಳೆ ಬೆಳಿಗ್ಗೇನೆ ಕಟ್ಬುಡ್ತೀನಿ ಬುದ್ಧಿ, ಅಂಗೇ ಒಂದು ಚಿಮಣೀನೂ ಏಳಿಸ್ಬುಡಾನ" ಎಂದ. ನಿಶ್ಚಿತಾ ಇಟ್ಟಿಗೆಗಳನ್ನು ನೋಡಿದಳು. ಒಳಗೆ ಹೋಗಿ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು, ಮೇಲೆ ನೆಬ್ಯುಲೈಸರ್ ಇಟ್ಟಳು. "ಮೊದಲನೇ ಇಟ್ಟಿಗೆ ಕೂತ ತಕ್ಷಣ ಆಟೋ ಕರೀತೀನಿ" ಎಂದಳು. ದನಿ ಏರಿಸಲಿಲ್ಲ.

ಆ ಸಂಜೆ ಪ್ರೇಮಲೀಲಾ ನಲ್ಲಿ ಬಿಟ್ಟು ಹೆಚ್ಚು ಹೊತ್ತು ನಿಂತಳು. ಬಿಸಿನೀರು ಬಂದ ಮೇಲೂ ನಿಲ್ಲಿಸಲಿಲ್ಲ. ಬಿಸಿ ಎಷ್ಟು ಹೊತ್ತು ಬರುತ್ತದೆ, ನಾಳೆಗೆ ಸಾಕಾಗುವಷ್ಟು ಇದೆಯೇ ಎಂದು ನೋಡಬೇಕಿತ್ತು. ನೀರು ಹರಿಯುತ್ತಿರುವಾಗಲೇ ಹಿತ್ತಲ ಬಾಗಿಲಿಗೆ ಬಂದಳು. ಹೊರಗೆ ಥಂಡಿ ಗಾಳಿ. ಬಚ್ಚಲ ಮೋರಿ ಬಾಳೆಯ ಬುಡಕ್ಕೆ ಸೇರುವ ಜಾಗದಲ್ಲಿ ಆವಿ ಏಳುತ್ತಿತ್ತು. ಮೊದಲು ಯಾರೋ ಕಸಕ್ಕೆ ಬೆಂಕಿ ಇಟ್ಟಿದ್ದಾರೆ ಅಂದುಕೊಂಡಳು. ಹತ್ತಿರ ಹೋಗಿ ಬಗ್ಗಿ ಮೋರಿಗೆ ಕೈ ಹಾಕಿದಳು. ಬಿಸಿ. ಮೋಡದೊಳಗಿಂದಲೇ ದಿನವಿಡೀ ಕಾದ ಬಿಸಿಯೆಲ್ಲ ಅಲ್ಲಿ ಬಾಳೆಗೆ ಹೋಗುತ್ತಿತ್ತು. ಮೇಲೆ ಟ್ಯಾಂಕಿಗೆ ಅಷ್ಟೇ ತಣ್ಣೀರು ಇಳಿಯುತ್ತಿತ್ತು, ಸೂರ್ಯ ಮುಳುಗಿದ ಮೇಲೆ.

ಓಡಿ ಬಂದು ನಲ್ಲಿ ನಿಲ್ಲಿಸಿದಳು. ಕೊನೆಗೆ ಬೀಳುತ್ತಿದ್ದ ನೀರು ಆಗಲೇ ತಣ್ಣಗಾಗಿತ್ತು.

ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದಳು. "ರೀ, ಸೋಲಾರ್‍ದು ತಪ್ಪಿಲ್ಲ. ತಪ್ಪು ನಂದು. ಇದೆಯೋ ಇಲ್ವೋ ಅಂತ ನೋಡೋಕೆ ಹೋಗಿ ನಾನೇ ದಿನಾ ಬಿಸಿನೀರೆಲ್ಲ ಬಿಟ್ಬುಡ್ತಿದ್ದೆ."

ವೃಷಭೇಂದ್ರಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಆಮೇಲೆ ನಕ್ಕರು. ಪ್ರೀತಿಯಿಂದಲೇ ನಕ್ಕರು, ಅದೇ ಕಷ್ಟವಾಯಿತು.

"ಅಬ್ಬಾ! ಮೊಮ್ಮಗಳಿಗೋಸ್ಕರ ಏನೇನು ಕಟ್ಟಿ ಹೇಳ್ತೀಯ ಕಣೇ! ನೀನು ತಪ್ಪು ಒಪ್ಕೊಳೋದು ಅಂದ್ರೇನು? ನಿನಗೆ ಸುಳ್ಳು ಹೇಳೋಕೆ ಬರಲ್ಲ, ಬುಡು."

"ನಿಜಾನೇ ಹೇಳ್ತಿದೀನಿ ಕಣ್ರೀ."

"ಆಯ್ತಪ್ಪ. ಒಂದು ಕೆಲಸ ಮಾಡೋಣ. ನಾಳೆ ಬೆಳಿಗ್ಗೆ ನೀನೇ ಸ್ನಾನ ಮಾಡು. ಬಿಸಿ ಇದೆ ಅಂದ್ರೆ ಜವರಯ್ಯನ್ನ ಇಟ್ಟಿಗೆ ಸಮೇತ ವಾಪಸ್ ಕಳಿಸ್ತೀನಿ. ತಣ್ಣಗಿದೆ ಅಂದ್ರೆ ಒಲೆ. ನಿನ್ನ ಬಾಯಿಂದ ಬಂದದ್ದೇ ತೀರ್ಪು. ನಾನು ಬೇರೆ ಯಾರ ಮಾತನ್ನೂ ಕೇಳಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿಶ್ಚಿತಾ ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿ ಅವಳಿಗೆ ಭರವಸೆ ಕೊಡುವಂಥದ್ದು ಏನೂ ಕಾಣಲಿಲ್ಲ. ನೀರು ತಣ್ಣಗಿದ್ದರೆ ಈ ಹೆಂಗಸು ತಣ್ಣಗಿದೆ ಎಂದೇ ಹೇಳುತ್ತಾಳೆ. ಮದುವೆಯ ಮರುದಿನ ಸೊಸೆಯ ಮೊದಲ ಅಡುಗೆಗೆ ಉಪ್ಪು ಹೆಚ್ಚೆಂದು ಬಂಧುಗಳೆದುರು ಹೇಳಿದವಳು ತಾನೆ.

ಬೆಳಿಗ್ಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಜವರಯ್ಯ ಹಿತ್ತಲಲ್ಲಿ ಮಣ್ಣು ಕಲೆಸಿಕೊಂಡು ಕುಕ್ಕರುಗಾಲಲ್ಲಿ ಕುಳಿತಿದ್ದ. ವೃಷಭೇಂದ್ರಪ್ಪ ಆಗಲೇ ತಣ್ಣೀರಿನಲ್ಲಿ ಮಿಂದು, ಹಣೆಗೆ ವಿಭೂತಿ ಬಳಿದುಕೊಂಡು, ಹಲ್ಲು ಕಟಕಟಿಸುತ್ತ ಬಚ್ಚಲ ಬಾಗಿಲ ಹೊರಗೆ ನಿಂತಿದ್ದರು. ನಿಶ್ಚಿತಾ ಹಾಲು ಇಟ್ಟ ಗ್ಯಾಸಿನ ಮುಂದೆ ನಿಂತಿದ್ದಳು, ಚೀಲ ನಡುಮನೆಯಲ್ಲಿತ್ತು. ಅನು ಎದ್ದಿರಲಿಲ್ಲ.

ಪ್ರೇಮಲೀಲಾ ಬಾಗಿಲು ಹಾಕಿಕೊಂಡಳು. ಬಿಸಿನೀರಿನ ನಲ್ಲಿ ತಿರುಗಿಸಿದಳು. ಒಂದು ಬಕೆಟ್ ತುಂಬಿ ಚೆಲ್ಲಿದಳು, ಇನ್ನೊಂದನ್ನೂ ಚೆಲ್ಲಿದಳು. ಪೈಪಿನೊಳಗಿನ ನೀರೆಲ್ಲ ಹೋಗಿ ಟ್ಯಾಂಕಿನ ನೀರೇ ಬರುತ್ತಿರಬೇಕು. ಕೈಯೊಡ್ಡಿದಳು. ಬೆರಳು ಜುಮ್ಮೆಂದಿತು. ಆಷಾಢದ ಬಾವಿನೀರಿಗೂ ಇದಕ್ಕೂ ವ್ಯತ್ಯಾಸವಿರಲಿಲ್ಲ.

ಸೆರಗು ಬಿಗಿದು ಮಣೆಯ ಮೇಲೆ ಕುಳಿತಳು. ಚೊಂಬು ಅದ್ದಿ ನೆತ್ತಿಯ ಮೇಲೆ ಸುರಿದುಕೊಂಡಳು. ಉಸಿರು ಗಂಟಲಲ್ಲೇ ನಿಂತಿತು. ಹೊರಗೆ ಗಂಡ ಕೆಮ್ಮಿದರು.

"ಹೇಗಿದೆಯೇ?"

ಎರಡನೆಯ ಚೊಂಬು ಸುರಿದುಕೊಂಡಳು. ಹಲ್ಲು ಕಚ್ಚಿ ಉಸಿರು ಸರಿಯಾಗುವವರೆಗೆ ಕಾದಳು.

"ಏನೇ? ಜವರಯ್ಯ ಕಾಯ್ತಿದಾನೆ. ಹೇಗಿದೆ ಅಂತ ಹೇಳು."

"ಕೈ ಇಡೋಕಾಗ್ತಿಲ್ಲ ಕಣ್ರೀ" ಎಂದಳು. ದನಿ ಎಂದಿನಷ್ಟೇ ಗಡುಸಾಗಿತ್ತು. "ಸುಡ್ತಾ ಇದೆ. ಅವನನ್ನ ಕಳಿಸಿ."

ಪ್ರೇಮಲೀಲಾ ಕೈ ಚಾಚಿ, ಎಲ್ಲರಿಗೂ ಕೇಳುವ ಹಾಗೆ, ಪಕ್ಕದ ತಣ್ಣೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ಬೆರೆಸತೊಡಗಿದಳು.