ಬಿನ್ನಿಪೇಟೆ ಬಂದಾಗ ಒತ್ತು

ನಿನ್ನೆ ಬೆಳಿಗ್ಗೆ ಆಂಬುಲೆನ್ಸಿನ ಕಿಟ್ ತುಂಬುತ್ತಿದ್ದೆ. ಉಸಿರು ಕೊಡುವ ಹೊಸ ಬ್ಯಾಗಿನ ಕವರ್ ಹರಿದಾಗ ರಬ್ಬರಿನ ವಾಸನೆ ಬಂತು. ಆ ವಾಸನೆಗೆ ನಮ್ಮ ಸಿಸ್ಟರ್ ನೆನಪಾದರು. ನಮಗೆಲ್ಲ ಕೆಲಸ ಕಲಿಸಿದ ಹಿರಿಯ ನರ್ಸ್ ಅವರು.

ನಾನು ಹತ್ತನೇ ಕ್ಲಾಸ್ ಪಾಸಾಗಿದ್ದು ಇಪ್ಪತ್ತೆಂಟನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಕುಣಿಗಲ್ ಕಡೆಯ ನಮ್ಮೂರಿನಲ್ಲಿ ಅಪ್ಪನ ಕುಲುಮೆಯ ತಿದಿ ಒತ್ತುತ್ತಿದ್ದೆ. ಕೈಗೆ ಆ ಅಭ್ಯಾಸ ಹೋಗಿರಲಿಲ್ಲ. ವಿಜಯನಗರದ ತರಬೇತಿ ಕೋಣೆಯಲ್ಲಿ ಬೊಂಬೆಯ ಮುಖಕ್ಕೆ ಮಾಸ್ಕ್ ಇಟ್ಟು ಬ್ಯಾಗನ್ನು ಬುಸುಬುಸು ಒತ್ತಿದೆ.

"ಏನಪ್ಪಾ, ಕಬ್ಬಿಣ ಕಾಯಿಸ್ತಾ ಇದೀಯಾ? ಹೀಗೆ ಒತ್ತಿದ್ರೆ ಗಾಳಿ ಹೊಟ್ಟೆಗೆ ಹೋಗುತ್ತೆ" ಎಂದರು ಸಿಸ್ಟರ್.

ಸೆಕೆಂಡ್ ಎಣಿಸು ಎಂದರು. ಗಾಬರಿಯಲ್ಲಿ ನನ್ನ ಎಣಿಕೆಯೂ ಓಡುತ್ತಿತ್ತು... ಕೊನೆಗೆ ಅವರು ತಾವು ದಿನಾ ಓಡಾಡುವ ಬಸ್ಸಿನ ಸ್ಟಾಪ್‌ಗಳನ್ನೇ ಹೇಳಿಕೊಟ್ಟರು. "ಅತ್ತಿಗುಪ್ಪೆ... ವಿಜಯನಗರ... ಹೊಸಹಳ್ಳಿ... ಮಾಗಡಿ ರೋಡ್... ಬಿನ್ನಿಪೇಟೆ. ಬಿನ್ನಿಪೇಟೆ ಬಂದಾಗ ಒಂದ್ಸಲ ಒತ್ತು. ಮತ್ತೆ ಅತ್ತಿಗುಪ್ಪೆಯಿಂದ ಹೊರಡು."

ಜೊತೆಯವರು ನನ್ನನ್ನು ಕಂಡಕ್ಟರ್ ಎಂದು ಕರೆಯತೊಡಗಿದರು. "ರೈಟ್ ಹೇಳು ಗುರು!"

ನನ್ನ ಕಣ್ಣೆಲ್ಲ ಉದ್ದನೆಯ ಟ್ಯೂಬಿನ ಮೇಲಿತ್ತು. ಗಂಟಲಿಗೆ ಲೈಟ್ ಹಿಡಿದು, ನೋಡಿಕೊಂಡು ಶ್ವಾಸನಾಳಕ್ಕೇ ಇಳಿಸುವಂಥದ್ದು. ಅದನ್ನು ಹಾಕಿದವನೇ ಓದಿದವನು ಎಂದುಕೊಂಡಿದ್ದೆ. ನೋಡದೆಯೇ ನಾಲಿಗೆಯ ಹಿಂದಕ್ಕೆ ಜಾರಿಸಿ ಕೂರಿಸುವ, ಮೆತ್ತನೆ ತುದಿಯ ಗಿಡ್ಡ ಕೊಳವೆ ನನಗೆ ಆಟದ ಸಾಮಾನಿನಂತೆ ಕಾಣುತ್ತಿತ್ತು.

ಒಂದು ದಿನ ಮಾರೇನಹಳ್ಳಿಯಲ್ಲಿ ಟೈಲರ್ ಒಬ್ಬರು ಮಷಿನ್ ಮುಂದೆಯೇ ಕುಸಿದರು. ಹೃದಯ ನಿಂತಿತ್ತು. ಅವತ್ತು ಸಿಸ್ಟರ್ ನಮ್ಮ ಗಾಡಿಯಲ್ಲೇ ಬಂದಿದ್ದರು. ಡ್ರೈವರ್ ಎದೆ ಒತ್ತತೊಡಗಿದ. ನಾನು ಮಾಸ್ಕ್ ಇಟ್ಟೆ. ಹಲ್ಲಿಲ್ಲದ ಬಾಯಿ, ಒಳಕ್ಕೆ ಹೋದ ಕೆನ್ನೆ. ಗಾಳಿಯೆಲ್ಲ ಪಕ್ಕಕ್ಕೆ ಸೋರಿತು. ಕೈ ಟ್ಯೂಬಿಗೆ ಹೋಯಿತು.

"ಬೇಡ ಕಣಪ್ಪಾ. ನೀನಿನ್ನೂ ಹೊಸಬ, ತಡಕಾಡ್ತಾ ಕೂರ್ತೀಯ. ಅಲ್ಲೀವರ್ಗೂ ಅವರಿಗೆ ಉಸಿರು ಯಾರು ಕೊಡ್ತಾರೆ? ಗಿಡ್ಡದ್ದು ಹಾಕು."

ಹಾಕಿದೆ. ಒಂದೇ ಸಲಕ್ಕೆ ಕೂತಿತು. ಬ್ಯಾಗ್ ಒತ್ತಿದಾಗ ಎದೆ ಮೇಲೆದ್ದಿತು. ಜೋರಾಗಿ ಸ್ಟಾಪ್ ಹೇಳುತ್ತಾ ಒತ್ತತೊಡಗಿದೆ.

"ಅಯ್ಯೋ, ಬಿನ್ನಿಪೇಟೆಗ್ಯಾಕಣ್ಣಾ ಕರ್ಕೊಂಡ್ ಹೋಗ್ತೀರಾ? ಇಲ್ಲೇ ಹತ್ರ ಆಸ್ಪತ್ರೆ ಇದೆಯಲ್ಲಾ!" ಎಂದು ಅವರ ಹೆಂಡತಿ ಅತ್ತರು.

"ಎಲ್ಲಿಗೂ ಕಳಿಸಲ್ಲಮ್ಮಾ, ಇಲ್ಲೇ ಇಟ್ಕೋತೀವಿ" ಎಂದರು ಸಿಸ್ಟರ್.

ಸಿಸ್ಟರ್ ಮಷಿನ್‌ನಿಂದ ಎದೆಗೆ ಕೊಟ್ಟ ಎರಡನೇ ಶಾಕ್ ಆದ ಮೇಲೆ... ನಾನು ಎಣಿಕೆಯಲ್ಲಿ ಹೊಸಹಳ್ಳಿಯಲ್ಲಿದ್ದೆ. ಸಿಸ್ಟರ್ ಟೈಲರ್ ಕುತ್ತಿಗೆಗೆ ಬೆರಳಿಟ್ಟು, "ನಾಡಿ ಬಂತು" ಎಂದರು. ನನ್ನ ಕಣ್ಣು ಮಂಜಾಯಿತು. "ಇಳಿಬೇಡ, ಬಿನ್ನಿಪೇಟೆವರ್ಗೂ ಹೋಗು" ಎಂದರು.

ಕೆಲವು ವಾರಗಳ ನಂತರ ಟೈಲರ್ ತಾವೇ ನಮ್ಮ ಹತ್ತಿರ ನಡೆದು ಬಂದರು. ನನ್ನ ಯೂನಿಫಾರ್ಮ್ ಪ್ಯಾಂಟು ಸೊಂಟದಲ್ಲಿ ಸಡಿಲವಿದ್ದದ್ದು ಅವರಿಗೆ ತಡೆಯಲಾಗಲಿಲ್ಲ. ಟೇಪ್ ತೆಗೆದು ಅಲ್ಲೇ ಅಳತೆ ಹಿಡಿದರು. ಸಿಸ್ಟರ್ ನಕ್ಕಿದ್ದೇ ನಕ್ಕಿದ್ದು. ನನಗೆ ಎದೆಯ ಮೇಲಿನ ಕಲ್ಲು ಅವತ್ತು ಇಳಿಯಿತು.

ಸಿಸ್ಟರ್ ರಿಟೈರ್ ಆಗಿ ಕೆಂಗೇರಿಯ ಮಗಳ ಮನೆಗೆ ಹೋದರು. ಅಲ್ಲೇ ನಿದ್ದೆಯಲ್ಲೇ ಹೋದರಂತೆ. ನನಗೆ ತಿಳಿದದ್ದು ತಡವಾಗಿ... ಅವತ್ತು ನನ್ನ ಕೈ ಟ್ಯೂಬಿಗೆ ಹೋಗಿದ್ದು ಜಂಬಕ್ಕೆ, ನೀವು ತಡೆದಿರಿ ಎಂದು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ನಿನ್ನೆ ಅದೇ ಬ್ಯಾಗನ್ನು ಹೊಸದಾಗಿ ಸೇರಿದವರ ಕೈಗೆ ಕೊಟ್ಟೆ. ದಿನಾ ಮೆಟ್ರೋದಲ್ಲಿ ಬರುವ ಹೆಣ್ಣುಮಗಳು. ಬುಸುಬುಸು ಒತ್ತಿದರು. ನಾನು ಸ್ಟಾಪ್ ಹೇಳಿಕೊಟ್ಟೆ.

"ಸಾರ್, ಮೆಟ್ರೋದಲ್ಲಿ ಮಾಗಡಿ ರೋಡ್ ಆದ್ಮೇಲೆ ಬಿನ್ನಿಪೇಟೆ ಬರಲ್ವಲ್ಲಾ?"

"ನಮ್ಮ ಸಿಸ್ಟರ್ ಇದ್ದಾಗ ಬರ್ತಿತ್ತಮ್ಮಾ... ನೀವು ಒತ್ತಿ."